ಒಂದೇ ಹೆಸರಿನ ಎರಡು ಫಾಂಟ್

ಮೊನ್ನೆ ನನ್ನ ಮಗಳು ಕನ್ನಡದಲ್ಲಿ ಒಂದು ಕಾಗದ ಟೈಪ್ ಮಾಡಿ ಸೌದಿಯ ದಮ್ಮಾಮಿನಲ್ಲಿರುವ ನನ್ನ ಅಣ್ಣನಿಗೆ ಇ-ಮೇಲಿನಲ್ಲಿ ಕಳಿಸಿದಳು. ಹತ್ತು ನಿಮಿಷ ಆಗಿರಲಿಲ್ಲ, "ಬಾಪಾ, ಅವರು ಓದಿದ್ರಂತೆ" ಎಂದಳು.

"ಹೇಗೆ ಓದಿದ್ದು? ಅಲ್ಲಿ ಫಾಂಟ್ ಉಂಟಾ?"

"ಯಾವ ಫಾಂಟ್?"

"ನೀನು ಟೈಪ್ ಮಾಡಿದ ಫಾಂಟ್. ಅದನ್ನೂ ಕಳಿಸಿದೆಯಾ?"

"ಫಾಂಟ್ ಯಾಕೆ ಕಳಿಸಬೇಕು ಬಾಪಾ?"

ಅವಳ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ. ನನಗೆ ಬಂದದ್ದು ನಿಜವಾದ ಸಿಟ್ಟು. ಬರೆದ ಕಾಗದ ಸರಿಯಾಗಿ ತಲುಪಿತೆಂದು ಸಿಟ್ಟು ಮಾಡಿಕೊಳ್ಳುವ ಮನುಷ್ಯ ಬಂಟ್ವಾಳ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮಗಳು ತಲೆ ಅಲ್ಲಾಡಿಸಿ ಒಳಗೆ ಹೋದಳು. ಅಡುಗೆಮನೆಯಿಂದ ಹೆಂಡತಿ, "ಸುರು ಆಯ್ತಾ ಫಾಂಟಿನ ಕಥೆ?" ಎಂದು ಕೇಳಿದಳು. ಅವಳು ಈ ಕಥೆಯನ್ನು ಎಷ್ಟು ಸಲ ಕೇಳಿದ್ದಾಳೆಂದರೆ, ಹೇಳುವಾಗ ನಾನು ಎಲ್ಲಾದರೂ ತಪ್ಪಿದರೆ ಅವಳೇ ತಿದ್ದುತ್ತಾಳೆ. ನೀವು ಕೇಳಿಲ್ಲ. ಆದ್ದರಿಂದ ನಿಮಗೆ ಹೇಳುತ್ತೇನೆ.

ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮಾಳಿಗೆಯ ಮೇಲೆ ಇದೆ. ಮಳೆಗಾಲದಲ್ಲಿ ಹೊಳೆ ಪೇಟೆಗೆ ಬಂದಾಗ ಕೆಳಗಿನ ಬಟ್ಟೆ ಅಂಗಡಿಯವರು ತಮ್ಮ ಸರಕನ್ನೆಲ್ಲ ತಂದು ನನ್ನ ಕಂಪ್ಯೂಟರಿನ ಸುತ್ತ ಒಟ್ಟುತ್ತಾರೆ. ನಾನು ಲುಂಗಿಗಳ ರಾಶಿಯ ನಡುವೆ ಕುಳಿತು ಮದುವೆ ಕಾಗದ ಜೋಡಿಸುತ್ತೇನೆ. ತೊಂಬತ್ತರ ದಶಕದ ನಡುವಿನಲ್ಲಿ ರಜೆಗೆ ಬಂದಿದ್ದ ಅಣ್ಣ, "ಹಮೀದಾ, ನಿನಗೆ ಗಲ್ಫ್ ಆಗುವುದಿಲ್ಲ, ನೀನು ಅಲ್ಲಿಯೂ ಹೋಗಿ ಬೋರ್ಡುಗಳ ಕಾಗುಣಿತ ತಿದ್ದುತ್ತಾ ಕೂರ್ತೀಯ" ಎಂದು ಒಂದು ಕಂಪ್ಯೂಟರ್ ತೆಗೆದುಕೊಟ್ಟು ಹೋದ. ಅವನು ತಮಾಷೆ ಮಾಡಿದ್ದು. ಆದರೆ ನಾನು ಆಗಲೂ ಈಗಲೂ ಅಂಥವನೇ. ಬಸ್ಸಿನ ಹಿಂದೆ 'ಅಂತರ ಕಾಯಿದುಕೊಳ್ಳಿ' ಎಂದು ಬರೆದದ್ದನ್ನು ಕಂಡರೆ ನನಗೆ ಇಳಿಯುವ ಜಾಗ ಮರೆತುಹೋಗುತ್ತದೆ.

ಆಗಿನ ಕನ್ನಡ ಫಾಂಟುಗಳ ಅವಸ್ಥೆ ಇಂದಿನವರಿಗೆ ಹೇಳಿದರೆ ನಂಬುವುದಿಲ್ಲ. ಈಗಿನ ಹಾಗೆ ಎಲ್ಲದಕ್ಕೂ ಒಂದೇ ಕ್ರಮ ಇರಲಿಲ್ಲ, ಒಂದೊಂದಕ್ಕೂ ಅದರದೇ. ಒಂದು ಫಾಂಟಿನಲ್ಲಿ 'ಕ' ಕುಳಿತಿದ್ದ ಜಾಗದಲ್ಲಿ ಇನ್ನೊಂದರಲ್ಲಿ 'ಞ' ಕುಳಿತಿರುತ್ತಿತ್ತು. ನಾನು ಜೋಡಿಸಿದ ಪುಟವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಬೇಕಾದರೆ ನನ್ನ ಫಾಂಟೂ ಅಲ್ಲಿರಬೇಕು. ಇಲ್ಲದಿದ್ದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಒಂದರ ತಲೆಯ ಮೇಲೆ ಟೋಪಿ, ಇನ್ನೊಂದಕ್ಕೆ ಬಾಲ. ಹಾಗಾಗಿ ಫೈಲಿನ ಜೊತೆಗೆ ಫಾಂಟನ್ನೂ ಫ್ಲಾಪಿಗೆ ಹಾಕಿ ಕೊಡುವುದು ನಮ್ಮ ಕಸುಬಿನ ಮೊದಲ ಪಾಠ. ನೆರೆಮನೆಯಿಂದ ಮೊಸರಿಗೆ ಹೆಪ್ಪು ತರುವ ಹಾಗೆ ಫಾಂಟ್ ತರುತ್ತಿದ್ದೆವು. ಕೊಟ್ಟವರಿಗೆ ಕಮ್ಮಿಯಾಗುವುದಿಲ್ಲ. ಇದು ಕಾಯಿದೆಗೆ ಸರಿಯೋ ಎಂದು ಕೇಳಬೇಡಿ. ಸರಿಯಲ್ಲ ಎಂದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದೆವು.

ಹೆಪ್ಪು ಕೊಡದವರೂ ಇದ್ದರು. ಬೆಳ್ತಂಗಡಿಯಲ್ಲಿ ಒಬ್ಬರು ತಮ್ಮ ಫಾಂಟುಗಳ ಹೆಸರನ್ನೆಲ್ಲ ಬದಲಾಯಿಸಿ, ಯಾರೂ ಕದಿಯದ ಹಾಗೆ ಇಟ್ಟಿದ್ದರು. ಆಮೇಲೆ ಯಾವುದು ಯಾವುದೆಂದು ಅವರಿಗೇ ಮರೆತುಹೋಗಿ, ಒಂದು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕಾಗದವನ್ನು ಹೂಬಳ್ಳಿ ಸುತ್ತಿದ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಸತ್ತವರ ಮನೆಯವರು ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದಾಗ ಇವರು ಹಿಂಬಾಗಿಲಿನಿಂದ ಹೋದರಂತೆ.

ನನ್ನ ಮತ್ತು ಸದಾನಂದನ ನಡುವೆ ಅಂಥದ್ದೇನೂ ಇರಲಿಲ್ಲ. ಸದಾನಂದನದು ಮೂಡುಬಿದಿರೆಯಲ್ಲಿ ಆಫ್‌ಸೆಟ್ ಪ್ರೆಸ್. ನನ್ನಲ್ಲಿ ಪ್ರೆಸ್ ಇಲ್ಲ, ಒಳ್ಳೆಯ ಲೇಸರ್ ಪ್ರಿಂಟರೂ ಇರಲಿಲ್ಲ. ನಾನು ಅಕ್ಷರ ಜೋಡಿಸಿ ಫ್ಲಾಪಿಯಲ್ಲಿ ಕೊಟ್ಟರೆ ಅವನು ತನ್ನ ಕಂಪ್ಯೂಟರಿನಿಂದ ಟ್ರೇಸಿಂಗ್ ಪೇಪರಿನ ಮೇಲೆ ತೆಗೆದು, ಪ್ಲೇಟ್ ಮಾಡಿ, ಮುದ್ರಿಸುತ್ತಿದ್ದ. ವಾರಕ್ಕೊಮ್ಮೆಯಾದರೂ ಸಿದ್ದಕಟ್ಟೆಯ ಬಸ್ಸಿನಲ್ಲಿ ಅವನಲ್ಲಿಗೆ ಹೋಗುತ್ತಿದ್ದೆ. ಫ್ಲಾಪಿಗೆ ಮಳೆ ತಾಗದ ಹಾಗೆ ಪ್ಲಾಸ್ಟಿಕ್, ಅದರ ಮೇಲೆ ಕರವಸ್ತ್ರ, ಅದರ ಮೇಲೆ ನನ್ನ ಅಂಗಿ. ನಾನು ಒದ್ದೆಯಾದರೆ ಚಿಂತೆಯಿಲ್ಲ. ಅವನ ಪ್ರೆಸ್ಸಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಬನ್ಸ್ ತಿಂದು, ಜಗತ್ತಿನ ಕಾಗುಣಿತವನ್ನೆಲ್ಲ ಬೈದು, ಸಂಜೆಗೆ ನಾನು ತಿರುಗಿ ಬರುತ್ತಿದ್ದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂದೆ ಬರುವ ಬೈಗುಳಗಳ ಖಾರ ಇದರಿಂದ ಅರ್ಧ ಇಳಿಯುತ್ತದೆ, ಅದಕ್ಕೂ ನನಗೆ ಬೇಸರವಿದೆ.

ಇನ್ನೊಬ್ಬರನ್ನು ಪರಿಚಯಿಸಬೇಕು, ವೆಂಕಪ್ಪ ಮಾಸ್ಟ್ರು. ನಾನು ಹುಟ್ಟಿ ಬೆಳೆದದ್ದು ಕಕ್ಕಿಂಜೆಯ ಕಡೆ. ಬಾಪನಿಗೆ ಅಲ್ಲಿ ಸಣ್ಣದೊಂದು ದಿನಸಿ ಅಂಗಡಿ ಇತ್ತು. ಮನೆಯಲ್ಲಿ ನಮ್ಮ ಕರಾವಳಿಯ ಮುಸ್ಲಿಮರ ಬ್ಯಾರಿ, ರಸ್ತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕನ್ನಡವೆಂದರೆ ನನಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಡುವ ಭಾಷೆ. ಆ ಅಂಗಿ ತೊಡಿಸಿದವರು ಮಾಸ್ಟ್ರು. ನಾಲ್ಕನೆಯ ತರಗತಿಯಲ್ಲಿ ನಾನು ಸೂರ್ಯನನ್ನು 'ಸೂಯ್ರ' ಎಂದು ಬರೆದೆ. ಅವರು ಹೊಡೆಯಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ, ಕೋಲಿನಿಂದ ಮಣ್ಣಿನ ಮೇಲೆ ದೊಡ್ಡದಾಗಿ 'ಸೂರ್ಯ' ಎಂದು ಬರೆದರು.

"ನೋಡು ಹಮೀದಾ, ಈ ರಕಾರ ಬಾಯಲ್ಲಿ ಮೊದಲು ಬರ್ತದೆ, ಬರೆಯುವಾಗ ಕೊನೆಗೆ ಕೂತುಕೊಳ್ತದೆ. ಇದು ಅರ್ಕಾವತ್ತು. ಬಹಳ ಮರ್ಯಾದೆಯ ಅಕ್ಷರ. ನೀನು ಇದನ್ನು ಕೆಳಗೆ ತಳ್ಳಿ ಒತ್ತು ಮಾಡಿದೆ. ಅದಕ್ಕೆ ಬೇಜಾರಾಗುವುದಿಲ್ವಾ?"

ನನಗೆ ನಿಜಕ್ಕೂ ಬೇಜಾರಾಯಿತು. ಮನೆಗೆ ಹೋಗಿ ಬಾಪನ ಅಂಗಡಿಯ ಪೊಟ್ಟಣದ ಕಾಗದಗಳ ಮೇಲೆಲ್ಲ ಸೂರ್ಯ, ಪರ್ವತ, ವರ್ಷ ಎಂದು ಬರೆದೆ. ಆ ವಾರ ಕಕ್ಕಿಂಜೆಯ ಜನ ಅರ್ಕಾವತ್ತಿನಲ್ಲಿ ಕಟ್ಟಿದ ಮೆಣಸು, ಕೊತ್ತಂಬರಿ ಒಯ್ದರು. ಆಮೇಲೆ ಜೀವನದಲ್ಲಿ ಆ ತಪ್ಪು ಮಾಡಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಮ್ಮ ಶಾಲೆಗೆ ಐವತ್ತು ತುಂಬಿತು. ಹಳೆ ವಿದ್ಯಾರ್ಥಿಗಳ ಸಮಿತಿಯಾಯಿತು. ಅಧ್ಯಕ್ಷರು ಬೆಳ್ತಂಗಡಿಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದ ಜಮೀನಿನವರು, ನನಗಿಂತ ಏಳೆಂಟು ವರ್ಷ ಮೊದಲು ಅದೇ ಶಾಲೆಯಲ್ಲಿ ಓದಿದವರು. ಒಂದು ಸ್ಮರಣ ಸಂಚಿಕೆ ತರುವ ಎಂದು ತೀರ್ಮಾನವಾಯಿತು. ನಿವೃತ್ತರಾಗಿ ಮನೆಯಲ್ಲಿದ್ದ ಮಾಸ್ಟ್ರು ಅದಕ್ಕೆ ಶಾಲೆಯ ಐವತ್ತು ವರ್ಷದ ಕಥೆ ಬರೆದರು. ನಲವತ್ತು ಪುಟ. ಅವರ ಜೀವನದಲ್ಲಿ ಅಚ್ಚಾಗಲಿದ್ದ ಮೊದಲ ಬರಹ ಅದು. ಸಮಿತಿಯ ಸಭೆಯಲ್ಲಿ ಅವರು ಕೇಳಿದ್ದು ಒಂದೇ: "ಅಕ್ಷರ ಜೋಡಿಸುವುದು ನಮ್ಮ ಹಮೀದ ಆಗಬೇಕು."

ನಾನು 'ಶಾಂಭವಿ' ಎಂಬ ಫಾಂಟಿನಲ್ಲಿ ಜೋಡಿಸಿದೆ. ಹೊಸ ಶಾಂಭವಿ, ಆಗಷ್ಟೇ ತಿದ್ದಿ ಹೊರಗೆ ಬಿಟ್ಟದ್ದು. ಮಾಸ್ಟ್ರು ಮೂರು ಸಲ ಬಸ್ಸು ಹತ್ತಿ ಬಂಟ್ವಾಳಕ್ಕೆ ಬಂದು, ನನ್ನ ಸ್ಟೂಲಿನ ಮೇಲೆ ಕುಳಿತು, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡೇ ಪ್ರೂಫ್ ಓದಿದರು. ಮೂರನೆಯ ಸಲ ಕೊನೆಯ ಪುಟದಲ್ಲಿ "ನೋಡಿದೆ. ತಪ್ಪಿಲ್ಲ" ಎಂದು ಬರೆದು ಸಹಿ ಹಾಕಿದರು. ಪರೀಕ್ಷೆಯಲ್ಲಿ ಅವರು ಯಾರಿಗೂ ನೂರಕ್ಕೆ ನೂರು ಕೊಟ್ಟವರಲ್ಲ. ಆ ದಿನ ಅಂಗಡಿ ಬೇಗ ಮುಚ್ಚಿ ಮನೆಗೆ ಕೋಳಿ ಒಯ್ದೆ.

ಮರುದಿನ ಫ್ಲಾಪಿಗಳನ್ನು ಹಿಡಿದು ಮೂಡುಬಿದಿರೆಗೆ ಹೋದೆ. ಪುಸ್ತಕಕ್ಕೆ ಆರು ಫ್ಲಾಪಿ, ಏಳನೆಯದರಲ್ಲಿ ಶಾಂಭವಿ. ಸದಾನಂದನ ಕಂಪ್ಯೂಟರಿಗೆ ಫಾಂಟ್ ಹಾಕಲು ಹೋದರೆ, ಈ ಹೆಸರಿನ ಫಾಂಟ್ ಆಗಲೇ ಇದೆ, ಅದನ್ನು ತೆಗೆದ ಮೇಲೆ ಇದನ್ನು ಹಾಕಿ ಎಂದಿತು. ಅವನಲ್ಲಿದ್ದದ್ದು ಹಳೆಯ ಶಾಂಭವಿ. ಹೆಸರು ಒಂದೇ, ಕಣ್ಣಿಗೆ ಅಕ್ಷರವೂ ಒಂದೇ. ನೋಡುವ ಎಂದು ಹಳೆಯದರಲ್ಲೇ ಒಂದು ಪುಟ ತೆರೆದೆವು. ಎಲ್ಲ ಸರಿ ಇತ್ತು, ಅರ್ಕಾವತ್ತಿನ ಹೊರತು. ಹೊಸ ಫಾಂಟಿನಲ್ಲಿ ಅರ್ಕಾವತ್ತು ಇದ್ದ ಜಾಗದಲ್ಲಿ ಹಳೆಯದರಲ್ಲಿ ರ ಒತ್ತು ಕುಳಿತಿತ್ತು. ಸಮಿತಿಯ ಕಾರ್ಯದರ್ಶಿ 'ಕಾಯ್ರದಶ್ರಿ' ಆಗಿದ್ದರು. ಆಶೀರ್ವಾದ 'ಆಶೀವ್ರಾದ' ಆಗಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ನೆನಪಾದರೆ ಈಗ ನನಗೆ ನನ್ನ ಮೇಲೆಯೇ ಕೈ ಎತ್ತುವ ಎಂದು ಕಾಣುತ್ತದೆ.

"ಹಳೆಯದನ್ನು ಈಗಲೇ ತೆಗಿ" ಎಂದೆ.

"ಈಗ ತೆಗೆದರೆ ನನ್ನ ಮಾಸಪತ್ರಿಕೆಯ ಪುಟ ಎಲ್ಲ ಹಾಳಾಗ್ತದೆ ಮಾರಾಯ, ಅದನ್ನು ಹಳೆಯದರಲ್ಲೇ ಜೋಡಿಸಿದ್ದು. ನಾಳೆ ಅದು ಮುಗೀತದೆ. ನಾಡಿದ್ದು ಹಳೆಯದು ತೆಗೆದು ನಿನ್ನದು ಹಾಕಿ ಟ್ರೇಸಿಂಗ್ ತೆಗೀತೇನೆ."

"ಮರೆಯುವುದಿಲ್ಲವಲ್ಲ?"

"ಕಾಯ್ರದಶ್ರಿಯನ್ನು ಯಾರಾದರೂ ಮರೀತಾರಾ? ನೀನು ಹೋಗು."

ಮರುದಿನ ನಾದಿನಿಯ ನಿಶ್ಚಿತಾರ್ಥವಿತ್ತು. ಹೋದೆ. ಆ ಎರಡು ದಿನ ಅಲ್ಲೇ ಕುಳಿತಿರಬೇಕಿತ್ತು ಎಂದು ಆಮೇಲೆ ಎಷ್ಟು ಸಲ ಹೇಳಿದ್ದೇನೋ, ಹೆಂಡತಿ ಅದನ್ನು ತನ್ನ ತವರಿನ ಮೇಲಿನ ಆರೋಪವೆಂದೇ ತಿಳಿದಿದ್ದಾಳೆ.

ಸಮಾರಂಭ ಶಾಲೆಯ ಅಂಗಳದಲ್ಲಿ. ಸಂಚಿಕೆಯ ಕಟ್ಟುಗಳನ್ನು ಸದಾನಂದನೇ ಬೆಳಿಗ್ಗೆ ವ್ಯಾನಿನಲ್ಲಿ ತಂದಿದ್ದ. ನಾನು ಕಟ್ಟು ಬಿಚ್ಚಿ ನೋಡುವಷ್ಟು ಹೊತ್ತು ಇರಲಿಲ್ಲ. ಬಿಡುಗಡೆ ಆದ ಮೇಲೆಯೇ ನನ್ನ ಕೈಗೆ ಒಂದು ಪ್ರತಿ ಬಂತು. ತೆರೆದೆ. ಮೊದಲ ಪುಟದಲ್ಲಿ 'ಸುವಣ್ರ ವಷ್ರದ ಹಷ್ರ'.

ಮುಂದಿನ ಪುಟ. 'ಮಾಗ್ರದಶ್ರನ'. ಮುಂದಿನದು. 'ಧಮ್ರ', 'ಕಮ್ರ', 'ಪೂಣ್ರ'. ಸಭೆಯಲ್ಲಿ ಕುರ್ಚಿಗಳಿಂದ ಕುರ್ಚಿಗಳಿಗೆ ನಗು ಹಬ್ಬುವುದು ಕೇಳಿಸಿತು. ಯಾರೋ 'ಕಾಯ್ರದಶ್ರಿಯವರೇ' ಎಂದು ಕೂಗಿದರು.

ನಿಮಗೆ ಅರ್ಥವಾಗಬೇಕು, ಆ ಪುಟದ ತುಂಬ ಕಸ ಬಿದ್ದಿದ್ದರೆ, ಟೋಪಿ ಬಾಲದ ಇಂಗ್ಲಿಷ್ ಬಂದಿದ್ದರೆ, ಯಂತ್ರ ಕೆಟ್ಟಿದೆ ಎನ್ನುತ್ತಿದ್ದರು. ಇದು ಹಾಗಿರಲಿಲ್ಲ. ಇದು ಕನ್ನಡ ಬರೆಯಲು ಬಾರದ ಮಗು ಮಾಡುವ ತಪ್ಪು, ಅಚ್ಚುಕಟ್ಟಾಗಿ, ಗ್ಲೇಸ್ ಕಾಗದದ ಮೇಲೆ. ಒಳಪುಟದಲ್ಲಿ 'ಅಕ್ಷರ ಜೋಡಣೆ: ಹಮೀದ್, ಬಂಟ್ವಾಳ' ಎಂದಿತ್ತು. ಆ ಸಾಲಿನಲ್ಲಿ ಒಂದೂ ಅರ್ಕಾವತ್ತು ಇಲ್ಲ. ಅದೊಂದು ಮಾತ್ರ ಸರಿಯಾಗಿ ಬಂದಿತ್ತು.

ಕಾರ್ಯಕ್ರಮ ಮುಗಿದು ವೇದಿಕೆಯ ಹಿಂದೆ ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದರು. ಅಧ್ಯಕ್ಷರು, ಮಾಸ್ಟ್ರು, ಸಮಿತಿಯವರು, ಸದಾನಂದ. ನಾನು ಹತ್ತಿರ ಹೋಗಿ, "ಇದು ಫಾಂಟಿನಿಂದ ಆದದ್ದು. ಒಂದೇ ಹೆಸರಿನ ಎರಡು ಫಾಂಟ್ ಉಂಟು, ಒಂದರಲ್ಲಿ ಜೋಡಿಸಿದ್ದನ್ನು ಇನ್ನೊಂದರಲ್ಲಿ..." ಎಂದು ಸುರುಮಾಡಿದೆ. ಹೇಳುತ್ತಿರುವಾಗಲೇ ನನಗೆ ತಿಳಿಯಿತು, ಪ್ರಪಂಚದ ಯಾವ ಕಳ್ಳನೂ ಇದಕ್ಕಿಂತ ಕೆಟ್ಟ ನೆಪ ಹೇಳಿರಲಾರ.

ಅಧ್ಯಕ್ಷರು ನಕ್ಕರು. "ಬಿಡಿ ಬಿಡಿ. ಬ್ಯಾರಿಗಳ ಕೈಗೆ ಕನ್ನಡ ಕೊಟ್ಟರೆ ಇಷ್ಟೇ. ಅವರದ್ದು ಬಲದಿಂದ ಎಡಕ್ಕೆ ಬರೆಯುವುದಲ್ವಾ? ಒತ್ತೆಲ್ಲ ಹಿಂದುಮುಂದು ಆಗ್ತದೆ."

ಎಲ್ಲರೂ ನಕ್ಕರು. ಕೆಟ್ಟವರೇನಲ್ಲ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವರು, ಬಾಪನ ಅಂಗಡಿಯಿಂದ ಬೆಲ್ಲ ಒಯ್ದವರು. ನಾನು ಸದಾನಂದನ ಮುಖ ನೋಡಿದೆ. ಅವನು ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಅದನ್ನೇ ನೋಡುತ್ತಿದ್ದ. ಮಾಸ್ಟ್ರ ಮುಖ ನೋಡಿದೆ. ಅವರು ಸಂಚಿಕೆಯನ್ನು ಮುಚ್ಚಿ, ಕೊಡೆಯ ಜೊತೆ ಕಂಕುಳಿಗೆ ಇಟ್ಟುಕೊಂಡು, "ಬಸ್ಸಿಗೆ ಹೊತ್ತಾಯಿತು" ಎಂದು ಹೊರಟುಹೋದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮೂಡುಬಿದಿರೆಗೆ ಹೋದೆ. ಸದಾನಂದ ಪ್ರೆಸ್ಸಿನ ಬಾಗಿಲು ತೆಗೆಯುತ್ತಿದ್ದ. ನನ್ನನ್ನು ಕಂಡು, "ಬನ್ಸ್ ತಿನ್ನುವಾ?" ಎಂದ. ನೋಡಿ, ಬನ್ಸ್!

"ನನ್ನ ಫಾಂಟ್ ಯಾಕೆ ಹಾಕಲಿಲ್ಲ?"

"ಮಾಸಪತ್ರಿಕೆ ಮುಗಿಯಲಿಲ್ಲ ಮಾರಾಯ. ಒಂದು ದಿನ ಅಂದದ್ದು ನಾಲ್ಕು ದಿನ ಆಯಿತು. ಸಮಾರಂಭ ಹತ್ತಿರ ಬಂತು. ಹಳೆಯದರಲ್ಲೇ ತೆಗೆದೆ."

"ಮರೆತು ತೆಗೆದೆಯಾ, ಗೊತ್ತಿದ್ದು ತೆಗೆದೆಯಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಾನು ನಂಬುತ್ತಿದ್ದೆ, ನಂಬಲು ತಯಾರಾಗಿಯೇ ಹೋಗಿದ್ದೆ. "ಗೊತ್ತಿದ್ದು" ಎಂದ. "ಸ್ಮರಣ ಸಂಚಿಕೆ ಯಾರು ಓದ್ತಾರೆ ಹಮೀದ್? ಅವರವರ ಫೋಟೋ ನೋಡಿ ಮಡಚಿ ಇಡುವುದು."

ಯಾರು ಓದುತ್ತಾರೆ! ಅಕ್ಷರವನ್ನು ಮಾರಿ ಅನ್ನ ತಿನ್ನುವವನ ಬಾಯಲ್ಲಿ ಬಂದ ಮಾತು. ನಾನು ಜೋರಾಗಿಯೇ ಬೈದೆ. ಪಕ್ಕದ ಸೈಕಲ್ ಅಂಗಡಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿ ನೋಡಿದ.

"ಆಯಿತು. ಅಲ್ಲಿ ಎಲ್ಲರ ಎದುರು ಅವರು ಹಾಗೆ ಹೇಳುವಾಗ ನೀನು ಯಾಕೆ ಬಾಯಿ ಬಿಡಲಿಲ್ಲ? ನನ್ನ ಪ್ರೆಸ್ಸಿನಲ್ಲಿ ಆದದ್ದು ಅಂತ ಒಂದು ಮಾತು?"

ಸದಾನಂದ ಬಾಗಿಲಿನ ಬೀಗವನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ನಾನು ಹೇಳಿದರೆ ಪ್ರೆಸ್ಸಿಗೆ ಕೆಟ್ಟ ಹೆಸರು. ಅವರ ಹೋಟೆಲಿನ ಬಿಲ್ ಬುಕ್ಕು, ಅವರ ಬಳಗದ ಮದುವೆ ಕಾಗದ ಎಲ್ಲ ಬೇರೆ ಕಡೆ ಹೋಗ್ತದೆ. ನಿನ್ನದಾದರೆ..." ಎಂದು ನಿಲ್ಲಿಸಿ, ಮೆಲ್ಲ ಹೇಳಿದ, "ನಿನಗೆ ಅವರು ಹೇಗೂ ಹಾಗೆ ಹೇಳುವವರೇ ಅಲ್ವಾ?"

ಅವನು ಕೆಡುಕಿನಿಂದ ಹೇಳಲಿಲ್ಲ. ಮಳೆ ಬಂದರೆ ಒದ್ದೆಯಾಗುತ್ತದೆ ಎನ್ನುವ ಹಾಗೆ ಹೇಳಿದ. ಅಧ್ಯಕ್ಷರ ಮಾತಿಗಿಂತ ನನಗೆ ತಾಗಿದ್ದು ಇದು. ಎಷ್ಟು ವರ್ಷ ಒಂದೇ ಮೇಜಿನಲ್ಲಿ ಬನ್ಸ್ ತಿಂದಿದ್ದೆವು! ಅಷ್ಟೂ ದಿನ ನನ್ನ ಗೆಳೆಯನಿಗೆ ಗೊತ್ತಿತ್ತು, ಬೈಗುಳ ಹಂಚುವಾಗ ನನ್ನ ಪಾಲು ಮೊದಲೇ ಎತ್ತಿಟ್ಟಿರುತ್ತಾರೆ ಎಂದು. ಅದನ್ನು ಅವನು ಉಪಯೋಗಿಸಿಕೊಂಡ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಆ ದಿನ ಬಂಟ್ವಾಳಕ್ಕೆ ಹೋಗಲು ಮನಸ್ಸಾಗಲಿಲ್ಲ. ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಚಾರ್ಮಾಡಿಯ ಬಸ್ಸು ಹತ್ತಿ ಮಾಸ್ಟ್ರ ಮನೆಯ ಹತ್ತಿರ ಇಳಿದೆ. ಕೈಯಲ್ಲಿ ಅವರು ಸಹಿ ಹಾಕಿದ ಪ್ರೂಫ್ ಇತ್ತು. ನಾನು ತಪ್ಪಿಲ್ಲವೆಂದು ಅವರಿಗಾದರೂ ತೋರಿಸಬೇಕಿತ್ತು.

ಮಾಸ್ಟ್ರು ಜಗಲಿಯಲ್ಲಿ ಕುಳಿತು ಕೆಂಪು ಶಾಯಿಯ ಪೆನ್ನು ಹಿಡಿದು ಸಂಚಿಕೆಯನ್ನು ತಿದ್ದುತ್ತಿದ್ದರು. ನಾನು ಪ್ರೂಫ್ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲೇ ಇಲ್ಲ.

"ಅದು ಬೇಡ. ನಿನ್ನದಲ್ಲ ಅಂತ ನನಗೆ ಅಲ್ಲಿಯೇ ಗೊತ್ತಾಗಿದೆ."

"ಹೇಗೆ?"

"ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೂ ಅರ್ಕಾವತ್ತು ಬಿಡದೆ ತಪ್ಪಾಗಿದೆ. ಒಂದೇ ಒಂದು ಸರಿ ಇಲ್ಲ. ಮನುಷ್ಯ ಇಷ್ಟು ಕ್ರಮವಾಗಿ ತಪ್ಪುವುದಿಲ್ಲ ಹಮೀದಾ. ನಲವತ್ತು ವರ್ಷ ತಪ್ಪು ತಿದ್ದಿದವ ನಾನು. ಎಂಥ ದಡ್ಡನಾದರೂ ಅಲ್ಲೊಂದು ಇಲ್ಲೊಂದು ಕೈತಪ್ಪಿ ಸರಿ ಬರೀತಾನೆ."

ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ ಏನೋ ಬುಗ್ಗೆಂದು ಎದ್ದಿತು. ನನ್ನ ಜೀವನದಲ್ಲಿ ಮಾಸ್ಟ್ರ ಎದುರು ಎತ್ತರದ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ಹಾಗಾದರೆ ಅಲ್ಲಿ ಯಾಕೆ ಹೇಳಲಿಲ್ಲ ಮಾಸ್ಟ್ರೇ? ಅವರು ನಗುವಾಗ ನೀವು ಇದ್ದಿರಿ. ನಿಮಗೆ ಗೊತ್ತಿತ್ತು. ನೀವು ಬಸ್ಸಿಗೆ ಹೊತ್ತಾಯಿತು ಅಂತ ಹೋದಿರಿ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು. "ಆ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು" ಎಂದರು. "ದೊಡ್ಡವರ ಹತ್ತಿರ ಯಾಕೆ ಮಾತು ಅಂತ ಕಂಡಿತು. ಅಲ್ಲಿಂದ ನಡೆದೇ ಬಂದೆ. ದಾರಿಯುದ್ದಕ್ಕೂ ನನಗೆ ನಾಚಿಕೆಯಾಯಿತು." ಆಮೇಲೆ ಒಳಗೆ ಹೋಗಿ ಒಂದು ಹಾಳೆ ತಂದು, "ಬರಿ" ಎಂದರು.

ಅವರು ಹೇಳಿದರು, ನಾನು ಬರೆದೆ: 'ಈ ಸಂಚಿಕೆಯ ಅಕ್ಷರ ಜೋಡಿಸಿದ ಹಮೀದನ ಕೆಲಸದಲ್ಲಿ ತಪ್ಪಿರಲಿಲ್ಲ. ಕೊನೆಯ ಪ್ರೂಫನ್ನು ನಾನೇ ನೋಡಿದ್ದೇನೆ. ಅರ್ಕಾವತ್ತುಗಳು ಕೆಟ್ಟದ್ದು ಮುದ್ರಣದ ಹಂತದಲ್ಲಿ. ಇದು ಸಮಾರಂಭದ ದಿನವೇ ನನಗೆ ತಿಳಿದಿತ್ತು. ತಿಳಿದೂ ಎಲ್ಲರ ಎದುರು ಹೇಳಲಿಲ್ಲ. ಅದು ನನ್ನ ತಪ್ಪು.' ಕೆಳಗೆ ಅವರ ಹೆಸರು.

"ಇದನ್ನು ಅಚ್ಚು ಹಾಕಿಸು. ಅದೇ ಪ್ರೆಸ್ಸಿನಲ್ಲಿ. ಎಲ್ಲ ಪ್ರತಿಗಳಲ್ಲಿ ಅಂಟಿಸುವ."

ಚೀಟಿಯನ್ನು ಹೊಸ ಶಾಂಭವಿಯಲ್ಲೇ ಜೋಡಿಸಿ ಮತ್ತೆ ಮೂಡುಬಿದಿರೆಗೆ ಹೋದೆ. "ಹಳೆಯ ಫಾಂಟನ್ನು ನನ್ನ ಎದುರು ತೆಗಿ" ಎಂದೆ. ಸದಾನಂದ ವಾದ ಮಾಡಲಿಲ್ಲ. ಅದನ್ನು ತೆಗೆದು, ನನ್ನದನ್ನು ಹಾಕಿ, ಚೀಟಿ ತೆರೆದು ಓದಿದ. ಓದಿ ಮುಗಿಸಿ, "ಪ್ರೆಸ್ಸಿನ ಹೆಸರು ಹಾಕಲಿಲ್ಲವಾ?" ಎಂದು ಕೇಳಿದ.

"ಮಾಸ್ಟ್ರು ಹಾಕಿಸಲಿಲ್ಲ."

ಅವನು ಉಸಿರು ಬಿಟ್ಟ. "ದೊಡ್ಡ ಮನುಷ್ಯರು" ಎಂದ. ನನ್ನ ಕೈಯಲ್ಲಿದ್ದದ್ದು ಫ್ಲಾಪಿಗಳಾದ್ದರಿಂದ ಅವನ ತಲೆಗೆ ಏನೂ ಆಗಲಿಲ್ಲ.

ಮುಂದಿನ ಎರಡು ಭಾನುವಾರ ನಾನೂ ಮಾಸ್ಟ್ರೂ ಗೋಂದಿನ ಬಾಟಲಿ ಹಿಡಿದುಕೊಂಡು ಕಕ್ಕಿಂಜೆ, ನೆರಿಯ ಎಂದು ಮನೆಮನೆ ತಿರುಗಿ ಚೀಟಿ ಅಂಟಿಸಿದೆವು. ಕೆಲವರು ಸಂಚಿಕೆಯನ್ನು ಹುಡುಕಿ ತೆಗೆಯಲು ಅರ್ಧ ಗಂಟೆ ಮಾಡಿದರು. ಒಂದು ಮನೆಯಲ್ಲಿ ಅದು ಮೇಜಿನ ಕಾಲಿನ ಕೆಳಗಿತ್ತು. ಯಾರು ಓದುತ್ತಾರೆ ಎಂದ ಸದಾನಂದನ ಮಾತು ಪೂರ್ತಿ ಸುಳ್ಳೇನಲ್ಲ ಎಂದು ತಿಳಿದು ನನಗೆ ಇನ್ನೂ ಸಿಟ್ಟು ಬಂತು.

ಕೊನೆಗೆ ಉಳಿದದ್ದು ಬೆಳ್ತಂಗಡಿಯ ಹೋಟೆಲ್. "ಅಲ್ಲಿಗೆ ಬೇಡ ಮಾಸ್ಟ್ರೇ" ಎಂದೆ. "ಅಲ್ಲಿಗೇ ಮೊದಲು ಹೋಗಬೇಕಿತ್ತು" ಎಂದು ಅವರು ನಡೆದೇಬಿಟ್ಟರು. ಮಧ್ಯಾಹ್ನದ ಊಟದ ಹೊತ್ತು, ಮೇಜುಗಳೆಲ್ಲ ತುಂಬಿದ್ದವು. ಅಧ್ಯಕ್ಷರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವರು ಮಾಸ್ಟ್ರನ್ನು ಕಂಡು ಎದ್ದುನಿಂತರು. ಅವರಿಗೂ ಕನ್ನಡ ಕಲಿಸಿದವರು ಇವರೇ. ಮಾಸ್ಟ್ರು ಚೀಟಿ ಕೊಟ್ಟರು. ಅಧ್ಯಕ್ಷರು ಮನಸ್ಸಿನಲ್ಲೇ ಓದಿಕೊಂಡರು. ಮುಖ ಸ್ವಲ್ಪ ಬದಲಾಯಿತು.

"ಅಯ್ಯೋ ಮಾಸ್ಟ್ರೇ, ಇದನ್ನೆಲ್ಲ ಅಚ್ಚು ಹಾಕಿಸುವುದಾ? ನಾನು ಅವತ್ತು ತಮಾಷೆಗೆ ಹೇಳಿದ್ದು."

"ಅವತ್ತು ಗಟ್ಟಿಯಾಗಿ ಹೇಳಿದ್ದಲ್ವಾ? ಇದನ್ನೂ ಗಟ್ಟಿಯಾಗಿ ಓದು" ಎಂದರು ಮಾಸ್ಟ್ರು. ಎಲ್ಲರೂ ಅಧ್ಯಕ್ಷರಿಗೆ 'ನೀವು' ಎನ್ನುವ ಊರಿನಲ್ಲಿ ಏಕವಚನ.

ಹೋಟೆಲಿನಲ್ಲಿ ಉಣ್ಣುತ್ತಿದ್ದವರ ಕೈ ಎಲೆಯ ಮೇಲೆ ನಿಂತಿತು. ಅಧ್ಯಕ್ಷರು ನನ್ನ ಕಡೆ ನೋಡಿದರು, ಮಾಸ್ಟ್ರ ಕಡೆ ನೋಡಿದರು. ಆಮೇಲೆ ಓದಿದರು. ಮೊದಲ ಸಾಲು ಬಾಯೊಳಗೇ ಹೋಯಿತು. "ಕೇಳುವುದಿಲ್ಲ" ಎಂದರು ಮಾಸ್ಟ್ರು. ಮತ್ತೆ ಮೊದಲಿನಿಂದ ಓದಿದರು. ನನ್ನ ಹೆಸರು ಆ ಹೋಟೆಲಿನ ಗೋಡೆಗೆ ತಾಗಿ ಬಂದದ್ದು ಕೇಳಿಸಿತು. 'ಅದು ನನ್ನ ತಪ್ಪು' ಎಂಬಲ್ಲಿಗೆ ಬಂದಾಗ ಅಧ್ಯಕ್ಷರ ದನಿ ಸಣ್ಣದಾಯಿತು. ಆ ಮಾತು ಮಾಸ್ಟ್ರದಾದರೂ ಅಲ್ಲಿ ಹೇಳುತ್ತಿದ್ದ ಬಾಯಿ ಅವರದು.

"ಚಹಾ ಕುಡಿದು ಹೋಗಿ" ಎಂದರು, ಚೀಟಿ ಮಡಚುತ್ತ. ನಾನು ಬೇಡವೆಂದೆ. ಮಾಸ್ಟ್ರು ಕುಡಿದರು, ಎರಡು ಬಿಸ್ಕತ್ತಿನ ಜೊತೆ. ಬಸ್ಸಿನಲ್ಲಿ ಅದಕ್ಕೂ ಸಿಟ್ಟು ಮಾಡಿಕೊಂಡೆ. "ಅದು ಬೇರೆ, ಇದು ಬೇರೆ. ನನಗೆ ಹಸಿವಾಗಿತ್ತು" ಎಂದರು ಅವರು.

ಸದಾನಂದನ ಸಂಗತಿ ಅಷ್ಟು ಬೇಗ ಮುಗಿಯಲಿಲ್ಲ. ಕೆಲಸ ಬಿಟ್ಟುಬಿಡಬಹುದಿತ್ತು, ಆದರೆ ಅವನಷ್ಟು ಚೆಂದ ಮುದ್ರಿಸುವವರು ಹತ್ತಿರದಲ್ಲಿ ಇನ್ನೊಬ್ಬರಿರಲಿಲ್ಲ. ಅದು ನನ್ನ ಸಿಟ್ಟಿನ ಇನ್ನೊಂದು ಕಾರಣ. ಹಾಗಾಗಿ ಕೆಲಸ ಕೊಡುತ್ತ ಬಂದೆ, ಫಾಂಟ್ ಕೊಡುವುದನ್ನು ನಿಲ್ಲಿಸಿದೆ. ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಗೆರೆಯ ಚಿತ್ರಗಳಾಗಿ ಬದಲಾಯಿಸಿಬಿಡುತ್ತಿದ್ದೆ. ಹಾಗೆ ಮಾಡಿದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ರೀತಿ ಕಾಣುತ್ತದೆ. ಅಚ್ಚು ಹಾಕಬಹುದು, ಆದರೆ ಒಂದು ಕೊಂಬನ್ನೂ ಅಲುಗಾಡಿಸಲು ಬರುವುದಿಲ್ಲ.

ಒಂದು ದಿನ ಫೋನ್ ಬಂತು. "ಹಮೀದ್, ಈ ಮದುವೆ ಕಾಗದದಲ್ಲಿ ಹುಡುಗಿಯ ಅಜ್ಜನ ಹೆಸರಿನಲ್ಲಿ ಒಂದಕ್ಷರ ತಿದ್ದಬೇಕಂತೆ. ಇಲ್ಲಿ ತಿದ್ದಲಿಕ್ಕೆ ಆಗುವುದಿಲ್ಲ. ಫಾಂಟ್ ಕಳಿಸು ಮಾರಾಯ."

"ತಿದ್ದುವುದಿದ್ದರೆ ಇಲ್ಲಿಗೆ ಬಾ. ನಾನು ತಿದ್ದಿ ಕೊಡ್ತೇನೆ."

"ಒಂದಕ್ಷರಕ್ಕೆ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬರಬೇಕಾ?"

"ಹೌದು."

ಅವನು ಫೋನ್ ಇಟ್ಟ. ಹನ್ನೊಂದೂವರೆಯ ಬಸ್ಸಿಗೆ ಬಂದ. ಮಾಳಿಗೆಯ ಮೆಟ್ಟಿಲು ಹತ್ತಿ, ಸ್ಟೂಲಿನ ಮೇಲೆ ಕುಳಿತು, ನಾನು ಆ ಅಕ್ಷರ ತಿದ್ದುವುದನ್ನು ನೋಡಿ, ಫ್ಲಾಪಿಯನ್ನು ಅಂಗಿಯ ಒಳಗೆ ಇಟ್ಟುಕೊಂಡು ಹೋದ. ಅದಾದ ಮೇಲೂ ಎಷ್ಟೋ ಸಲ ಬಂದಿದ್ದಾನೆ. ಫಾಂಟ್ ಮತ್ತೆ ಕೇಳಲಿಲ್ಲ. ನಾನೂ ಕೊಡಲಿಲ್ಲ.